ಹದಿನೇಳನೆಯ ಪ್ರಶ್ನೆ

ಒಟ್ಟು ನಲವತ್ತೆರಡು ಪ್ರಶ್ನೆ.
ಗೋಪಿ ಸರ್ಕಲ್ಲಿನ ಜೆರಾಕ್ಸ್ ಅಂಗಡಿಯಲ್ಲಿ
ಸ್ಪೈರಲ್ ಹಾಕಿಸುವಾಗ ಬಿಸಿ ಹಾಳೆಯ ವಾಸನೆಗೆ
ಅರ್ಧ ಪಿಎಚ್.ಡಿ. ಮುಗಿದೇ ಹೋಯಿತು ಅನ್ನಿಸಿತ್ತು.

ಹದಿನೇಳನೆಯದು ಹೀಗಿತ್ತು:
ಕಾಡಿಗೆ ಹೋಗುವ ಮುನ್ನ ಉಣುಗು ನಿವಾರಕ ಎಣ್ಣೆಯನ್ನು
ಕೈಕಾಲಿಗೆ ಲೇಪಿಸಿಕೊಳ್ಳುವಿರಾ?
ಯಾವಾಗಲೂ. ಹೆಚ್ಚಾಗಿ. ಕೆಲವೊಮ್ಮೆ. ಅಪರೂಪಕ್ಕೆ. ಇಲ್ಲವೇ ಇಲ್ಲ.
ಐದು ಚೌಕ, ಒಂದಕ್ಕೆ ಗುರುತು ಹಾಕಿ.

ಸಾಗರದಾಚೆ ಮಂಗನ ಕಾಯಿಲೆ ಬಂದುಹೋದ ಮೂರು ಊರು,
ಅರವತ್ತೊಂದು ಮನೆ.
ಅರವತ್ತೊಂದೂ ಮನೆ ಹೇಳಿತು: ಯಾವಾಗಲೂ.

ಕಂಪ್ಯೂಟರಿನಲ್ಲಿ ಕಂಬ ಎದ್ದು ನಿಂತಿತು, ಒಂದೇ ಕಂಬ,
ನೀಲಿಯದು, ನೆಟ್ಟಗೆ.
ನಾಗವೇಣಿ ಮೇಡಂ ಕನ್ನಡಕ ಹಣೆಗೇರಿಸಿ ನೋಡಿದರು.
ಬಯ್ಯಲಿಲ್ಲ. ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದರು:
"ಇಷ್ಟು ಒಳ್ಳೆಯ ಜನಕ್ಕೆ ಜ್ವರ ಯಾಕೆ ಬಂತು?"

ಮತ್ತೆ ಹೋದೆ. ಪ್ರಶ್ನಾವಳಿ ಈ ಸಲ ಚೀಲದ ತಳದಲ್ಲಿ.
ಆಶಾ ಕಾರ್ಯಕರ್ತೆ ಸುಜಯಾ ದಣಪೆ ದಾಟಿಸಿ
"ಇವ್ರು ಇಂಜೆಕ್ಷನ್ನಿನವ್ರಲ್ಲ, ಬರೀ ಕೇಳೋರು" ಎಂದು
ನನ್ನ ಮೂರು ವರ್ಷದ ಓದನ್ನು ಪರಿಚಯಿಸಿದಳು.

ದ್ಯಾವಮ್ಮನ ಮನೆಯಲ್ಲಿ ಎಣ್ಣೆ ಬಾಟಲಿ ಇತ್ತು,
ಮುಚ್ಚಳದ ಸೀಲು ಹರಿಯದೆ,
ಗೂಡಿನಲ್ಲಿ ಕನ್ನಡಿಗೆ ಆನಿಕೆಯಾಗಿ.
ಮೊದಲ ಸಲ ಇದೇ ಜಗಲಿಯಲ್ಲಿ, ಅದರತ್ತಲೇ ಮುಖ ಮಾಡಿ ಕೂತು
'ಯಾವಾಗಲೂ'ಗೆ ಗುರುತು ಹಾಕಿದ್ದವಳು ನಾನು.

ಒಪ್ಪಿಗೆ ಪತ್ರ ಓದಿ ಹೇಳು ಅಂದಳು. ಓದಿದೆ.
"ನೀವು ಯಾವ ಹಂತದಲ್ಲಾದರೂ ಹಿಂದೆ ಸರಿಯಬಹುದು."
ನಕ್ಕಳು. "ಸರ್ದು ಎಲ್ಲಿಗೆ ಹೋಗಾದು ಮಾರಾಯ್ತಿ?"
ಹೆಬ್ಬೆರಳಿನ ಶಾಯಿ ಒರೆಸಿಕೊಳ್ಳುತ್ತ ಅವಳೇ ಕೇಳಿದಳು:
"ಆ ಎಣ್ಣೆ ನೀ ಹಚ್ಕಂಡಿದೀಯ?"
ಇಲ್ಲ.
"ಅಪರೂಪಕ್ಕಾ, ಇಲ್ಲವೇ ಇಲ್ವಾ?"

ಮಾರನೇ ದಿನ ಇಬ್ಬರೂ ಹಚ್ಚಿಕೊಂಡು ದರಗು ಗುಡಿಸಲು ಹೋದೆವು.
ಹತ್ತು ಗಂಟೆಗೆ ಬೆವರು, ಬೆವರಿನೊಡನೆ ಎಣ್ಣೆ, ಕಣ್ಣಿಗೆ.
ತಲೆಯ ಮೇಲೆ ಹೊರೆ ಇದ್ದಾಗ ಕಣ್ಣೊರೆಸಲು ಕೈ ಇರುವುದಿಲ್ಲ
(ಹಿಂದಿನ ಯಾವ ಅಧ್ಯಯನದಲ್ಲೂ ಇದಿಲ್ಲ, ಹುಡುಕಿದ್ದೇನೆ).
ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿದರೆ
ನಾಲಿಗೆಗೂ ಔಷಧಿ.

ಸಂಜೆ ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿ
ಉಣುಗು ಹುಡುಕಿದಳು.
ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ,
ಜಡೆ ಬಿಚ್ಚಿ ಬೈತಲೆಯ ಪಕ್ಕ ಇನ್ನೊಂದು ಬೈತಲೆ ತೆಗೆದು,
ನೋಡಿದ ಜಾಗವನ್ನೇ ಮತ್ತೊಮ್ಮೆ.
"ಎಳ್ಳಿಗಿಂತ ಸಣ್ಣದಿರ್ತದೆ. ಕಣ್ಣಿಗೆ ಸಿಗಲ್ಲ, ಬೆರಳಿಗೆ ಸಿಗ್ತದೆ."
ಬೆನ್ನ ಹಿಂದಿನಿಂದಲೇ, ಮುಖ ಕಾಣಿಸದೆ, ಹೇಳಿದಳು:
ನಾದಿನಿ ಎಂಟನೇ ದಿನಕ್ಕೆ ಹೋದದ್ದು,
ಜೀಪಿನಲ್ಲಿ ಬಂದವರು ಚಾಪೆಯ ಮೇಲೆ ಕೂರುವ ಮೊದಲೇ
"ಎಣ್ಣೆ ಹಚ್ತಿದ್ಲಾ?" ಅಂದದ್ದು.
"ಇಲ್ಲ ಅಂದೆ. ಬರ್ಕಂಡ್ರು. ಅವಳದೇ ತಪ್ಪಾಯ್ತು."

ಅಂದಿನಿಂದ ಊರಿಗೆ ಊರೇ ಯಾವಾಗಲೂ ಹಚ್ಚುತ್ತದೆ.

ರೆಕಾರ್ಡರ್ ಚೀಲದಲ್ಲಿತ್ತು, ಬಂದಾಗಿ.
ಬರೆಯಬಹುದಾ ಎಂದು ಕೇಳಿದೆ.
ತಲೆಯೊಳಗೆ ಬೆರಳು ಸ್ವಲ್ಪ ಹೊತ್ತು ನಿಂತಿತು.
"ಬರಿ. ಹೆಸರು ಬ್ಯಾಡ. ಅವಳದೂ ಬ್ಯಾಡ."
ದ್ಯಾವಮ್ಮ ಎಂಬುದು ಅವಳ ಹೆಸರಲ್ಲ.

ಶಂಕರಘಟ್ಟದ ಹಾಸ್ಟೆಲಿನಲ್ಲಿ ಈಗ ರಾತ್ರಿ ಹೊತ್ತು
ಹಳೆಯ ಸಂದರ್ಶನಗಳನ್ನು ಮತ್ತೆ ಕೇಳುತ್ತೇನೆ.
ಎಲ್ಲೆಲ್ಲೂ ನನ್ನದೇ ದನಿ. ಅವರು ಉಸಿರೆಳೆದುಕೊಂಡಾಗೆಲ್ಲ
ಮುಂದಿನ ಪ್ರಶ್ನೆ.
ಒಬ್ಬ ಅಜ್ಜ "ಹಚ್ತೀವಿ..." ಎಂದು ಎಳೆದು ನಿಂತ ಜಾಗದಲ್ಲಿ
ನಾನು "ಸರಿ, ಹದಿನೆಂಟು" ಎಂದಿದ್ದೇನೆ.
ಅಲ್ಲೇ ನಿಲ್ಲಿಸುತ್ತೇನೆ. ಹಿಂದಕ್ಕೆ. ಮತ್ತೆ, ಹಚ್ತೀವಿ.
ಹಿತ್ತಿಲಲ್ಲಿ ಕೋಳಿ, ದೂರದಲ್ಲಿ ಬಸ್ಸಿನ ಹಾರನ್ನು, ಆಮೇಲೆ
ಅರೆಗಳಿಗೆ ಏನೂ ಇಲ್ಲ.
ಅದನ್ನು ಹೇಗೆ ಟೈಪ್ ಮಾಡುವುದೋ
ಇನ್ನೂ ತಿಳಿದಿಲ್ಲ.